ತೊಡೆಗೆ ತಟ್ಟಿದ ಕೈ

ತನ್ನ ತೊಡೆಯ ಮೇಲೆ ಎದುರಾಳಿ ಎರಡು ಸಲ ತಟ್ಟಿದ್ದು ಒಝೇಯಸ್‌ಗೆ ಚೆನ್ನಾಗಿಯೇ ಗೊತ್ತಾಯಿತು. ಸೋತೆನೆಂದು ತಟ್ಟಿದರೆ ತಕ್ಷಣ ಬಿಟ್ಟುಬಿಡಬೇಕು; ಜಿಯು-ಜಿತ್ಸು ಕುಸ್ತಿ ಕಲಿಯಲು ಬಂದ ಮೊದಲ ದಿನವೇ ಹೇಳಿಕೊಟ್ಟ ಪಾಠ ಅದು. ಆದರೆ ಮೂರು ತಿಂಗಳಲ್ಲಿ ಮೊದಲ ಬಾರಿ ಒಬ್ಬರ ತೋಳು ಅವನ ಕಾಲುಗಳ ನಡುವೆ ಸಿಕ್ಕಿಬಿದ್ದಿತ್ತು, ಕಲಿಸುವ ಮೇಷ್ಟ್ರು ಮಾತ್ರ ಬೇರೆ ಕಡೆ ತಿರುಗಿದ್ದರು. ಅವರು ನೋಡಲಿ ಎಂದು ಇನ್ನೊಂದು ಕ್ಷಣ ಹಿಡಿದ. ಮೊಣಕೈ ಲಟಕ್ಕೆಂದಿತು.

ತೋಳು ಕಟಿಂಗ್ ಅಂಗಡಿಯ ಜೆನಿವಾಲ್‌ನದು. ಬೆಲೆಂ ನಗರದ ಆ ಓಣಿಯ ಅರ್ಧ ತಲೆಗಳು ಅವನ ಬಲಗೈಯನ್ನೇ ನಂಬಿದ್ದವು. ಒಝೇಯಸ್‌ಗೆ ಬೆಲ್ಟ್ ಕಟ್ಟಿಕೊಳ್ಳಲು ಕಲಿಸಿದವನೂ ಅವನೇ.

"ಏನಯ್ಯಾ, ತಟ್ಟಲಿಲ್ವಾ?" ಎನ್ನುತ್ತ ಮೇಷ್ಟ್ರು ಓಡಿಬಂದರು.

ಜೆನಿವಾಲ್ ಒಮ್ಮೆ ಒಝೇಯಸ್‌ನ ಮುಖ ನೋಡಿದ. "ತಟ್ಟೋದು ತಡ ಆಯ್ತು ಮೇಷ್ಟ್ರೇ. ಈ ಎಳಸಿಗೆ ಸೋಲೋದಾ ಅಂತ ಜಂಭ ಬಂದ್ಬಿಡ್ತು."

ಒಝೇಯಸ್ ಬಾಯಿ ತೆರೆದ. ಅಷ್ಟರಲ್ಲಿ ಮೇಷ್ಟ್ರು ಅವನ ಬೆನ್ನು ಚಪ್ಪರಿಸಿ, "ಹಿಡಿತ ಮಾತ್ರ ಭೇಷ್ ಕಣೋ," ಎಂದರು. ತೆರೆದ ಬಾಯಿ ಮುಚ್ಚಿಕೊಂಡಿತು.

ಆಟ ಮುಗಿದ ಮೇಲೆ ಅಂಗೈಗೆ ಅಂಗೈ ತಾಗಿಸುವುದು ಅಲ್ಲಿಯ ರೂಢಿ. ಜೆನಿವಾಲ್ ಬಲಗೈಯನ್ನು ಎದೆಗವಚಿಕೊಂಡು, ನಗಲು ನೋಡುತ್ತ, ಎಡಗೈ ಚಾಚಿದ. ಎರಡು ಸಲ ತಟ್ಟಿ ಬೇಡಿಕೊಂಡಿದ್ದ ಕೈ ಅದೇ.