ಬಾಟಲಿಯ ಹಿಂದುಗಡೆ

ಗಂಡಿನ ಮನೆ ನೋಡಲು ಕುಶಾಲನಗರಕ್ಕೆ ಬಂದ ಕುಸುಮಾ, ಜ್ಯೂಸಿನ ಲೋಟ ಮುಟ್ಟುವುದು ಬಿಟ್ಟು ಪಕ್ಕದಲ್ಲಿದ್ದ ಬಾಟಲಿಯನ್ನೇ ಎತ್ತಿ ಹಿಂದುಮುಂದು ತಿರುಗಿಸಿ ಓದತೊಡಗಿದಳು. ಅಪ್ಪ ಶಾಂತಪ್ಪ ಮೆಲ್ಲಗೆ ಅವಳ ಮೊಣಕೈ ತಿವಿದ. ಮಗಳ ಈ ಚಾಳಿಯಿಂದಲೇ ಆಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು.

"ಕುಡೀ ತಾಯಿ, ಪ್ಯಾಷನ್ ಫ್ರೂಟಿಂದು. ಕೆಳಗೆ ನಮ್ಮ ಅಂಗಡೀಲೇ ಮಾರೋದು. ದುಬಾರೆಗೆ ಹೋಗೋರೆಲ್ಲ ಕಾರು ನಿಲ್ಸಿ ಒಯ್ತಾರೆ," ಎಂದರು ಹುಡುಗನ ತಾಯಿ ಗುರುಸಿದ್ದಮ್ಮ.

"ಮುಂದುಗಡೆ ಆರ್ಗ್ಯಾನಿಕ್ ಅಂತಿದೆ, ಅದಕ್ಕಿರಬೇಕಾದ ಜೈವಿಕ್ ಭಾರತ್ ಗುರುತೇ ಇಲ್ಲ. ನೂರಕ್ಕೆ ನೂರು ನ್ಯಾಚುರಲ್ ಅಂತಾನೂ ಇದೆ. ಹಿಂದುಗಡೆ ನೋಡಿದ್ರೆ ಬಣ್ಣದ ನಂಬರು ನೂರಾ ಹತ್ತು, ಕೆಡದೇ ಇರೋಕೆ ಹಾಕಿರೋ ಕೆಮಿಕಲ್ ನಂಬರು ಇನ್ನೂರ ಹನ್ನೊಂದು. ಹಣ್ಣು ಎಷ್ಟನೇ ನಂಬರು?" ಎಂದಳು ಕುಸುಮಾ.

ಹುಡುಗ ಮಂಜೇಶನಿಗೆ ನಗು ತಡೆಯಲಾಗಲಿಲ್ಲ. ಮಾಡಿಕೊಂಡರೆ ಇವಳನ್ನೇ ಎಂದು ಅವನು ಆ ಕ್ಷಣವೇ ತೀರ್ಮಾನಿಸಿಬಿಟ್ಟ. ಪಾಪ, ಆ ಲೇಬಲ್ ಬರೆದ ಪುಣ್ಯಾತ್ಮನೂ ಅವನೇ.

"ನಿಮ್ಮ ಬಯೋಡಾಟಾನೂ ಓದಿದೀನಿ," ಕುಸುಮಾ ಅವನತ್ತ ತಿರುಗಿದಳು. "ಬಿ.ಕಾಂ. ಪದವೀಧರ, ಶ್ರಮಜೀವಿ, ಸರಳ ಸ್ವಭಾವ. ಅದೆಲ್ಲ ಮುಂದುಗಡೆ ಲೇಬಲ್. ಹಿಂದುಗಡೇದು ಎಲ್ಲಿ?"

ಶಾಂತಪ್ಪ ಚಪ್ಪಲಿ ಎಲ್ಲಿ ಬಿಟ್ಟೆನೆಂದು ಬಾಗಿಲ ಕಡೆ ನೋಡಿದ. ಮಂಜೇಶ ದಡದಡನೆ ಮೆಟ್ಟಿಲಿಳಿದು ಅಂಗಡಿಗೆ ಓಡಿದ. ಹುಡುಗ ತಪ್ಪಿಸಿಕೊಂಡ ಎಂದೇ ಎಲ್ಲರೂ ತಿಳಿದರು. ಐದು ನಿಮಿಷಕ್ಕೆ ಏದುಸಿರು ಬಿಡುತ್ತ ವಾಪಸು ಬಂದವನು, ಬಾಟಲಿಗೆ ಅಂಟಿಸುವ ಖಾಲಿ ಲೇಬಲ್ಲಿನ ಮೇಲೆ ಬರೆದು ತಂದಿದ್ದನ್ನು ಅವಳ ಕೈಗಿಟ್ಟ.

ಕುಸುಮಾ ಜೋರಾಗಿಯೇ ಓದಿದಳು. "ಒಳಗೊಂಡಿರುವುದು: ಸೋಮಾರಿತನ, ಬೆಳಿಗ್ಗೆ ಎಂಟರವರೆಗೆ. ಅಮ್ಮನ ಭಯ, ಯಥೇಚ್ಛ. ತಲೆಗೂದಲಿಗೆ ಬಣ್ಣ ಸೇರಿಸಲಾಗಿದೆ. ಬಿ.ಕಾಂ. ಎರಡು ಸಬ್ಜೆಕ್ಟ್ ಬಾಕಿ. ಸುಳ್ಳು, ಬಾಟಲಿಗೆ ಎರಡರಂತೆ, ಇವತ್ತೇ ಕಿತ್ತುಹಾಕುತ್ತೇನೆ. ಕೆಡದಂತೆ ಇಡಲು ಏನೂ ಸೇರಿಸಿಲ್ಲ, ನೋಡಿಕೊಳ್ಳುವವರು ಬೇಕು."

"ಬಿ.ಕಾಂ. ಮುಗ್ದಿಲ್ವೇನೋ?" ಗುರುಸಿದ್ದಮ್ಮ ಕುರ್ಚಿಯಿಂದ ಎದ್ದೇ ನಿಂತರು. ಮಗ ಪಾಸಾದನೆಂದು ಊರಿಗೆಲ್ಲ ಪೇಡ ಹಂಚಿದ್ದು ಅವರಿಗೆ ನೆನಪಾಗಿರಬೇಕು.

ಕುಸುಮಾ ಲೇಬಲ್ಲನ್ನು ತಿರುಗಿಸಿ ಅದರ ಹಿಂದುಗಡೆಯೂ ನೋಡಿದಳು. ಅಲ್ಲೇನೂ ಇರಲಿಲ್ಲ. ಲೋಟ ಎತ್ತಿ, ಕಿತ್ತಳೆ ಬಣ್ಣದ ಆ ಜ್ಯೂಸನ್ನು ಒಂದೇ ಉಸಿರಿಗೆ ಕುಡಿದು ಖಾಲಿ ಮಾಡಿ ಕೆಳಗಿಟ್ಟಳು.

"ಏನೇನಿದೆ ಅಂತ ಗೊತ್ತಾಯ್ತಲ್ಲ ಅಪ್ಪ," ಎಂದಳು ತುಟಿ ಒರೆಸಿಕೊಳ್ಳುತ್ತ. "ಇನ್ನು ಕುಡೀಬಹುದು."