ಮಂಗಳವಾರ ಮೂರರಿಂದ ನಾಲ್ಕೂವರೆ

"ಸೋಮವಾರ ಏಳೂವರೆಯಿಂದ ಒಂಬತ್ತು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಮಂಗಳವಾರ ಮೂರರಿಂದ ನಾಲ್ಕೂವರೆ." ಸಿಂಚನಾ ಲ್ಯಾಪ್‌ಟಾಪ್ ನೋಡಿ ಓದುತ್ತಾ ಹೋದಳು. ಎದುರಿಗೆ ಕೂತಿದ್ದ ಕೇಶವಮೂರ್ತಿಗಳು ಬಾಯಿಗಿಟ್ಟ ಟೀ ಲೋಟವನ್ನು ಹಾಗೇ ಕೆಳಗಿಟ್ಟರು. "ದಿನಾ ಒಂದೂವರೆ ಗಂಟೆ, ಅಪ್ಪ. ಒಂದೊಂದ್ ಡೇ ಒಂದೊಂದ್ ಟೈಮ್. ಆಗ ನನ್ನ ಪ್ರೋಗ್ರಾಮ್ ಒಂದು ಟ್ರಕ್ಕೂ ಕಳಿಸಲ್ಲ. ಇಟ್ ಮೇಕ್ಸ್ ನೋ ಸೆನ್ಸ್!"

ನಾರ್‌ಕ್ರಾಸ್‌ನ ಆ ಗೋದಾಮಿನಿಂದ ಅಕ್ಕಿ, ಬೇಳೆ, ಮಸಾಲೆ ಹೊತ್ತು ಹೊರಡುವ ಹನ್ನೊಂದು ಟ್ರಕ್ಕುಗಳಿಗೆ ಕೇಶವಮೂರ್ತಿಗಳೇ ಯಜಮಾನರು. ಅಲ್ಫರೆಟಾದ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಮಗಳು ಅಪ್ಪನ ಐದು ವರ್ಷದ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಕಲಿಸಿ, ಯಾವ ಟ್ರಕ್ಕು ಎಷ್ಟು ಹೊತ್ತಿಗೆ ಹೊರಡಬೇಕೆಂದು ಅದೇ ಹೇಳುವಂತೆ ಮಾಡಿದ್ದಳು. ಮೂರೇ ವಾರ. ಅದೇ ಟ್ರಕ್ಕು, ಅದೇ ಜನ, ವಾರಕ್ಕೆ ಒಂಬತ್ತು ಟ್ರಿಪ್ಪು ಹೆಚ್ಚು! ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಸರಿ. ಆದರೆ ಈ ಮಗಳನ್ನು ಕಂಡರೆ ಊರಿಗೆ ಊರೇ ಮುದ್ದು ಮಾಡಬೇಕು ಎಂದು ಅವರು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಇಲ್ಲಿ ಗೆದ್ದರೆ ಕ್ಯಾರೊಲೈನಾದ ಫರ್ನಿಚರ್ ಕಾರ್ಖಾನೆಗೂ ರೆಸ್ಟನ್ ಕಡೆಯ ಆಸ್ಪತ್ರೆಗಳ ಲಾಂಡ್ರಿಗೂ ಅದೇ ಪ್ರೋಗ್ರಾಮು ಹೋಗುವುದಿತ್ತು.

ಈಗ ನೋಡಿದರೆ ಅದರಲ್ಲೊಂದು ತೂತು. ಅದೇಕೆಂದು ಎರಡು ಗಂಟೆಗೆ ಇದ್ದ ಕಾಲ್‌ನಲ್ಲಿ ಹೇಳದಿದ್ದರೆ ಪ್ರಾಜೆಕ್ಟನ್ನೇ ಕೈಬಿಡುವುದಾಗಿ ಅವಳ ಬಾಸ್ ಹೇಳಿಬಿಟ್ಟಿದ್ದ. ಗಡಿಯಾರ ಒಂದೂ ನಲವತ್ತು ತೋರಿಸುತ್ತಿತ್ತು. "ನಂದೇ ಮಿಸ್ಟೇಕು," ಎನ್ನುತ್ತಾ ಸಿಂಚನಾ ಮೇಲ್ ಟೈಪ್ ಮಾಡತೊಡಗಿದಳು. "ವಾಪಸ್ ತಗೊಳ್ತೀನಿ ಅಂತ ಬರೆದುಬಿಡ್ತೀನಿ." ಅವಳ ಕಣ್ಣು ತುಂಬಿತ್ತು.

ಬಾಗಿಲಲ್ಲಿ ಡ್ರೈವರ್ ಶಾಹಬಾಜ್ ನಿಂತಿದ್ದ. ಮೈಸೂರಿನವನು, ಹದಿಮೂರು ವರ್ಷದಿಂದ ಇಲ್ಲೇ ಇರುವವನು, ಅವನಿಗೆ ಗೊತ್ತಿಲ್ಲದ್ದೇನು? "ಅಂಕಲ್, ಹೇಳ್ಬಿಡಿ," ಎಂದ ಮೆಲ್ಲಗೆ. ಹೇಳುವುದು ಹೇಗೆ? ಕನ್ನಡ ಸಂಘದ ಸಭೆಗಳಲ್ಲಿ ಪಂಚಾಂಗ ಹಿಡಿದು ಬಂದವರ ನೀರಿಳಿಸಿ ಕಳಿಸುತ್ತಿದ್ದ ಮಹಾನುಭಾವರು ಇವರು! ಮೂರು ವಾರದಿಂದ ಆ ಹೊತ್ತಿನಲ್ಲಿ ಟ್ರಕ್ಕುಗಳು ತಾವಾಗಿಯೇ ಹೊರಡದಿದ್ದುದನ್ನು ಕಂಡು, ದೇವರು ದೊಡ್ಡವನು ಎಂದು ಒಳಗೊಳಗೇ ಕೈಮುಗಿದಿದ್ದರು. ಈಗ ಮಗಳ ಬೆರಳು ಮೇಲ್ ಕಳಿಸುವ ಗುಂಡಿಯ ಹತ್ತಿರ ಬಂದಿತ್ತು.

"ಕಳಿಸ್ಬೇಡ ಕಣೇ!" ಅವರ ದನಿ ಅವರಿಗೇ ಜೋರಾಗಿ ಕೇಳಿಸಿತು. "ತಪ್ಪು ನಿಂದಲ್ಲ, ನಂದು. ಅದು ರಾಹುಕಾಲ ಕಣಮ್ಮ. ದಿನಕ್ಕೊಂದೂವರೆ ಗಂಟೆ ಕೆಟ್ಟ ಹೊತ್ತು. ಆಗ ಗಾಡಿ ಹೊರಡಿಸಬಾರ್ದು ಅಂತ."

"ಬಟ್ ಅಪ್ಪ, ಅದೆಲ್ಲ ಬುರುಡೆ ಅಂತೀರಲ್ಲ ನೀವು?"

"ಅಂತೀನಿ. ನನ್ನ ಮೊದಲ್ನೇ ಟ್ರಕ್ಕು ಒಂದು ಮಂಗಳವಾರ ಮೂರೂಕಾಲಿಗೆ ಹೊರಟಿತ್ತು. ಹೈವೇಲಿ ಮಗುಚಿಕೊಳ್ತು, ಡ್ರೈವರ್ ಹಮೀದನ ಕಾಲು ಮುರೀತು. ಆಮೇಲೆ ನನಗೆ ಧೈರ್ಯವೇ ಬರ್ಲಿಲ್ಲ. ಕಂಪ್ಯೂಟರಲ್ಲಿ ಮಾತ್ರ ಆ ಹೊತ್ತಿಗೆ ಫೋರ್ಕ್‌ಲಿಫ್ಟ್ ಚಾರ್ಜಿಂಗು, ಡಾಕ್ ಕ್ಲೀನಿಂಗು ಅಂತ ಏನೇನೋ ನೆಪ ಬರೀತಿದ್ದೆ."

ನಗುತ್ತಾಳೆಂದು ಅವರು ತಲೆ ತಗ್ಗಿಸಿದರು. ಅವಳು ನಗಲಿಲ್ಲ, ಪರದೆಯನ್ನೇ ದಿಟ್ಟಿಸಿದಳು. "ಅಂದ್ರೆ ಪ್ರೋಗ್ರಾಮ್ ಕರೆಕ್ಟಾಗಿದೆ. ಯಾರೂ ಹೇಳ್ದೆ ಅದೇ ಕಲಿತಿದೆ!"

"ಇರದೆ ಇನ್ನೇನು! ಇಪ್ಪತ್ತೆರಡು ವರ್ಷ ನಿಮ್ಮಮ್ಮನ ಕೈಗೇ ಸಿಕ್ಕಿಬಿದ್ದಿರ್ಲಿಲ್ಲ ನಾನು. ನಿನ್ನ ಪ್ರೋಗ್ರಾಮು ಮೂರು ವಾರದಲ್ಲಿ ಹಿಡೀತಲ್ಲೇ!" ಸಿಕ್ಕಿಬಿದ್ದ ಕಳ್ಳ ಇಷ್ಟು ಹಿಗ್ಗಿದ್ದನ್ನು ಶಾಹಬಾಜ್ ಎಲ್ಲೂ ಕಂಡಿರಲಿಲ್ಲ. ಎರಡು ಗಂಟೆಗೆ ಕೇಶವಮೂರ್ತಿಗಳೇ ಫೋನ್ ಹಿಡಿದು, ಒಂದಕ್ಷರ ಮುಚ್ಚಿಡದೆ, ಬಾಸ್‌ಗೆ ಎಲ್ಲವನ್ನೂ ಒಪ್ಪಿಸಿದರು. ಆ ಕಡೆಯಿಂದ ದೊಡ್ಡ ನಗು ಬಂತು. ಆಮೇಲೆ ಬಂದದ್ದು ಒಂದೇ ಮಾತು: ಹಾಗಾದರೆ ತೂತು ಮುಚ್ಚಿ, ಇವತ್ತೇ ಓಡಿಸಿ ತೋರಿಸಿ.

ಸಿಂಚನಾ ಆ ಒಂದೂವರೆ ಗಂಟೆಯ ತಡೆಯನ್ನು ತೆಗೆದು ಮತ್ತೆ ಲೆಕ್ಕ ಹಾಕಿಸಿದಳು. ವಾರಕ್ಕೆ ಒಂಬತ್ತಿದ್ದ ಹೆಚ್ಚಿನ ಟ್ರಿಪ್ಪು ಹದಿನೇಳಕ್ಕೇರಿತು. ಮೊದಲನೆಯದು ಗ್ರೀನ್‌ವಿಲ್ಲಿಗೆ, ಇವತ್ತೇ, ಮೂರೂ ಹತ್ತಕ್ಕೆ. ಇವತ್ತು ಮಂಗಳವಾರ.

"ನಂಗೇನ್ ಭಯ ಇಲ್ಲ ಅಂಕಲ್, ಹೊರಡ್ತೀನಿ," ಎಂದು ಶಾಹಬಾಜ್ ಬೀಗದಕೈ ತೆಗೆದುಕೊಂಡ. "ಅಪ್ಪ, ನಿಮಗೆ ಬೇಡ ಅಂದ್ರೆ ನಾಲ್ಕೂವರೆ ಮೇಲೆ ಕಳಿಸೋಣ. ಇಟ್ಸ್ ಓಕೆ," ಎಂದಳು ಸಿಂಚನಾ. ಕೇಶವಮೂರ್ತಿಗಳಿಗೆ ಹಮೀದನ ಕಾಲು ಕಣ್ಣೆದುರು ಬಂತು. ಎದ್ದು ಜಾಕೆಟ್ ಹಾಕಿಕೊಂಡವರೇ ಸರಕು ತುಂಬುವ ಡಾಕಿಗೆ ನಡೆದು, ಮೊಣಕಾಲು ಹಿಡಿದುಕೊಂಡು ಟ್ರಕ್ಕು ಹತ್ತಿ, ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಬಿಗಿದರು.

"ನೀವೆಲ್ಲಿಗೆ ಅಪ್ಪ?" ಸಿಂಚನಾ ಓಡಿ ಬಂದಳು.

"ಗ್ರೀನ್‌ವಿಲ್ಲಿಗೆ. ಆಗೋದೇನಾದ್ರೂ ಇದ್ರೆ ಅವನೊಬ್ಬನಿಗೇ ಯಾಕಾಗ್ಬೇಕು?" ಟ್ರಕ್ಕು ಮೂರೂ ಹತ್ತಕ್ಕೆ ಸರಿಯಾಗಿ ಅಲುಗಿತು. ಅವರು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: "ಅಲ್ದೆ, ದಾರೀಲಿ ಆ ರಾಹು ಅಡ್ಡ ಬಂದು, ಯಾರಪ್ಪಣೆ ತಗೊಂಡು ಹೊರಟ್ರಿ ಅಂತ ಕೇಳಿದ್ರೆ, ನನ್ನ ಮಗಳದು ಅಂತ ಹೇಳೋಕೆ ಒಬ್ರು ಬೇಡ್ವೇನೇ?"