ಕನ್ನಡಿಯ ಪಕ್ಕದ ಜಾಗ

ಅವಳ ಜಾಗದಲ್ಲಿ ಬೇರೊಬ್ಬಳು ನಿಂತಿದ್ದಳು.

ಮೊದಲ ಸಾಲು, ಎಡತುದಿ, ಕನ್ನಡಿಯ ಪಕ್ಕ. ಆರು ವರ್ಷ ಬೆವರು ಸುರಿಸಿದ ಜಾಗ. ಅಲ್ಲಿ ಈಗ ಕಿತ್ತಳೆ ಬಣ್ಣದ ಅಂಗಿ ತೊಟ್ಟ, ಮೂವತ್ತೂ ತುಂಬದ ಒಬ್ಬಳು ಹಲಗೆ ಹತ್ತಿ ಇಳಿಯುತ್ತಿದ್ದಳು. ಲೈಬ್ರರಿ ಅಕ್ಕ ಬಾಗಿಲಿನ ಗಾಜಿಗೆ ಮುಖ ಹತ್ತಿರ ತಂದಳು.

ಅವಳು ಮೂವತ್ತು ವರ್ಷ ಗ್ರಂಥಾಲಯದಲ್ಲಿ ದುಡಿದವಳು. ಹಾಡಿನ ತಾಳಕ್ಕೆ ಹಲಗೆ ಹತ್ತಿ ಇಳಿಯುವ ಈ ಸ್ಟೆಪ್ ಏರೋಬಿಕ್ಸ್ ಕ್ಲಾಸಿನವರಿಗೆ ನಿವೃತ್ತಿಯ ನಂತರವೂ ಲೈಬ್ರರಿ ಅಕ್ಕನೇ. ಬಲ ಮೊಣಕಾಲಿನ ಆಪರೇಶನ್ ಆಗಿ ನಾಲ್ಕು ತಿಂಗಳಾಗಿತ್ತು. ಬರಲೇ ಎಂದು ಫೋನ್ ಮಾಡಿದಾಗಲೆಲ್ಲ ಟೀಚರ್ ಮುಂದೂಡಿದ್ದಳು. "ಕ್ಲಾಸ್ ಇನ್ನೂ ಸರಿಹೋಗಿಲ್ಲ ಅಕ್ಕ, ಇನ್ನೊಂದು ವಾರ." ಕೊನೆಗೆ, ಸೋಮವಾರ ಬನ್ನಿ ಎಂದಿದ್ದಳು. ನಾನು ಬಂದರೆ ಕ್ಲಾಸಿಗೇನು ಕೇಡು? ತಡೆಯಲಾರದೆ ಲೈಬ್ರರಿ ಅಕ್ಕ ಗುರುವಾರವೇ ಹೊರಟು ಬಂದಿದ್ದಳು. ಇಪ್ಪತ್ತೆರಡು ಮೆಟ್ಟಿಲು. ಕಂಬಿ ಹಿಡಿದು, ಎಡಗಾಲು ಮೇಲಿಟ್ಟು, ಬಲಗಾಲನ್ನು ಅದರ ಜೊತೆಗೆ ಎಳೆದುಕೊಳ್ಳುತ್ತ.

ಬಾಗಿಲ ಹೊರಗೆ ಒಂದು ಕುರ್ಚಿ ಇಟ್ಟಿದ್ದರು. ಮೊದಲು ಇರಲಿಲ್ಲ. ಮುದುಕಿಯರಿಗೆ ಇರಬೇಕು ಎಂದುಕೊಂಡು ಅವಳು ನಿಂತೇ ನೋಡಿದಳು.

ಒಳಗೆ ಎಲ್ಲರ ಕಣ್ಣೂ ಕಿತ್ತಳೆ ಅಂಗಿಯ ಕಾಲುಗಳ ಮೇಲೆ. ಟೀಚರ್ ಕೂಡ ಅವಳನ್ನೇ ತೋರಿಸುತ್ತಿದ್ದಳು. "ನೋಡ್ಕೊಳ್ಳಿ, ಅವಳ ಹಾಗೆ!" ಆರು ವರ್ಷದಲ್ಲಿ ಲೈಬ್ರರಿ ಅಕ್ಕನ ಹಾಗೆ ಅಂತ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ.

ಅದೂ ಎಂಥ ಕಾಲು! ಹತ್ತುವಾಗ ಎಡ, ಇಳಿಯುವಾಗ ಬಲ. ಈ ಕ್ಲಾಸಿನಲ್ಲಿ ಬಲಗಾಲು ಮೊದಲು ಅನ್ನುವುದು ಕಲ್ಲಿನಲ್ಲಿ ಕೆತ್ತಿದ ಮಾತು. ತಪ್ಪಿದವರಿಗೆ ಟೀಚರ್ ಎಡಬಿಡಂಗಿ ಎಂದು ಬಿರುದು ಕೊಡುತ್ತಿದ್ದಳು. ಈಗ ಆ ಎಡಬಿಡಂಗಿಯೇ ಮುಂದೆ, ಇಡೀ ಕ್ಲಾಸು ಅವಳ ಹಿಂದೆ. ಹಾಡಿನ ವೇಗವನ್ನೂ ಇಳಿಸಿದ್ದರು. ಹಲಗೆಗಳ ಕೆಳಗಿನ ಆಧಾರದ ತುಂಡುಗಳನ್ನು ಬಿಚ್ಚಿ ಮೂಲೆಯಲ್ಲಿ ಪೇರಿಸಿದ್ದರು. ಒಬ್ಬಳಿಗೋಸ್ಕರ ಎಲ್ಲರೂ ಅರ್ಧ ಎತ್ತರಕ್ಕೆ ಇಳಿದಿದ್ದರು.

ಸೆಕೆಯಾಗುತ್ತದೆ, ಕಿಟಕಿ ತೆಗೆಯಿರಿ ಎಂದು ಲೈಬ್ರರಿ ಅಕ್ಕ ಒಂದು ವರ್ಷ ಗೋಗರೆದರೂ ತೆಗೆಯದ ಜನ ಇವರು!

ಟೈಲರಮ್ಮನನ್ನು ನೋಡಿದಾಗ ಸಿಟ್ಟು ಇನ್ನೂ ಹೆಚ್ಚಿತು. ಈ ಕ್ಲಾಸಿನಲ್ಲಿ ಅವಳಿಗಿದ್ದ ಒಬ್ಬಳೇ ಆಪ್ತ ಗೆಳತಿ. ಆಪರೇಶನ್ ಆದ ಮೇಲೆ ಫಿಸಿಯೋ ಲೈಬ್ರರಿ ಅಕ್ಕನಿಂದ ಮೂರು ಮರದ ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದಾಗ ಒಂದೇ ಒಂದು ಸಲ ನೋಡಲು ಬಂದಿದ್ದಳು. ಬಂದವಳು ಮುಖವನ್ನೂ ಸರಿಯಾಗಿ ನೋಡಲಿಲ್ಲ. ತಲೆ ತಗ್ಗಿಸಿ ಕೂತು, ಚೀಟಿಯ ಹಿಂದೆ ಏನೋ ಗೀಚಿಕೊಂಡಳು. "ಅಳತೆ ಕಣೇ, ಬರ್ಕೊಳ್ದಿದ್ರೆ ಮರೆತುಹೋಗುತ್ತೆ" ಎಂದು ಎದ್ದು ಹೋದವಳು ಮತ್ತೆ ಬರಲೇ ಇಲ್ಲ. ಅಂಥವಳು ಈಗ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ಹಿಡಿದು, ಮಂಡಿಯೂರಿ ಕೂತು, ಕಿತ್ತಳೆ ಅಂಗಿಯವಳ ಹಲಗೆಯ ಮೇಲೆ ಹೆಜ್ಜೆಗಳ ಗುರುತು ಬರೆಯುತ್ತಿದ್ದಳು.

ಹಾಡು ನಿಂತಿತು. ಟೀಚರ್ ಸೊಂಟದ ಮೇಲೆ ಕೈಯಿಟ್ಟು ಹೇಳಿದ್ದು ಬಾಗಿಲಾಚೆಗೂ ಕೇಳಿಸಿತು.

"ಸೋಮವಾರ ಅವರು ಬಂದ್ಬಿಡ್ತಾರೆ. ಇನ್ನು ಉಳಿದಿರೋದು ಮೂರೇ ದಿನ."

"ಅಯ್ಯೋ, ಇಷ್ಟು ಬೇಗನಾ?" ಎಂದಳು ಟೈಲರಮ್ಮ, ತಲೆ ಮೇಲೆ ಕೈ ಹೊತ್ತು.

ಸಾಕು. ಲೈಬ್ರರಿ ಅಕ್ಕ ಕೈಚೀಲದಿಂದ ತನ್ನ ಲಾಕರಿನ ಬೀಗದಕೈ ತೆಗೆದಳು. ಮನೆಯಿಂದ ಹೊರಡುವಾಗ ಅದನ್ನು ಪದೇ ಪದೇ ಮುಟ್ಟಿ ನೋಡಿಕೊಂಡಿದ್ದಳು. ನಾಲ್ಕು ತಿಂಗಳು ಹಾಸಿಗೆಯ ಪಕ್ಕದ ಮೊಳೆಯಲ್ಲಿ ತೂಗುಹಾಕಿ, ನೋವು ಹೆಚ್ಚಾದಾಗಲೆಲ್ಲ ಅದನ್ನು ನೋಡಿಯೇ ಹಲ್ಲು ಕಚ್ಚಿ ಕಾಲು ಮಡಿಸಿದ್ದಳು. ಇವತ್ತು ಒಪ್ಪಿಸಿಬಿಟ್ಟರೆ ಮತ್ತೆ ಈ ಮೆಟ್ಟಿಲು ತುಳಿಯುವ ಹಂಗಿಲ್ಲ.

ಬಾಗಿಲು ತೆರೆದುಕೊಂಡಿತು. ಹೊರಗೆ ಬಂದವಳು ಕಿತ್ತಳೆ ಅಂಗಿಯವಳೇ, ಕೈಯಲ್ಲಿ ಖಾಲಿ ನೀರಿನ ಬಾಟಲಿ. ಗುರುತಿಲ್ಲದ ಮುಖಕ್ಕೂ ನಕ್ಕಳು.

"ನಿಂತೇ ಇದ್ದೀರಲ್ಲ ಆಂಟಿ, ಕುರ್ಚಿ ಇದೆ ಕೂತ್ಕೊಳ್ಳಿ. ಸೇರೋಕೆ ಬಂದ್ರಾ?"

"ಇಲ್ಲ. ಬಿಡೋಕೆ."

"ಯಾರನ್ನ ಬಿಡೋಕೆ?"

ಲೈಬ್ರರಿ ಅಕ್ಕ ಬೀಗದಕೈ ಮುಂದೆ ಚಾಚಿದಳು. "ಇದನ್ನ ನಿಮ್ಮ ಟೀಚರಿಗೆ ಕೊಟ್ಬಿಡಿ." ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ನಾಲಿಗೆ ಕೇಳಲಿಲ್ಲ. "ಮುಂದಿನ ಸಾಲಿನಲ್ಲಿ ನಿಂತು ಮೆರೆದ್ರೆ ಸಾಲದಮ್ಮ. ಇಲ್ಲಿ ಬಲಗಾಲು ಮೊದಲು. ಅಷ್ಟೂ ಗೊತ್ತಿಲ್ವಾ ನಿನಗೆ?"

ಆ ಹುಡುಗಿ ಬೀಗದಕೈ ತೆಗೆದುಕೊಳ್ಳಲು ಚಾಚಿದ ಕೈಯನ್ನು ಹಾಗೇ ನಿಲ್ಲಿಸಿ ಕಣ್ಣರಳಿಸಿದಳು.

"ಗೊತ್ತಿಲ್ಲ ಆಂಟಿ, ಅದಕ್ಕೇ ನನ್ನನ್ನ ಮುಂದೆ ನಿಲ್ಲಿಸಿರೋದು! ಮೊಣಕಾಲು ಆಪರೇಶನ್ ಆದ ಒಬ್ಬರು ಅಕ್ಕ ಸೋಮವಾರ ವಾಪಸ್ ಬರ್ತಾರಂತೆ, ಅವರೊಬ್ಬರದೇ ಕಾಲು ಬೇರೆ ಥರ ಕಾಣಬಾರದು ಅಂತ ಎರಡು ತಿಂಗಳಿಂದ ಎಲ್ಲರೂ ಅವರ ಹಾಗೇ ಹತ್ತಿ ಇಳಿಯೋದು ಕಲೀತಿದ್ದಾರೆ. ಹಳೇ ಅಭ್ಯಾಸ ಇಲ್ದೋಳು ನಾನೊಬ್ಬಳೇ ನೋಡಿ, ಅವರು ಬರೋವರೆಗೆ ಅವರ ಜಾಗದಲ್ಲಿ ನಾನು."